ಪಿಳ್ಳಂಗೋವಿಯ ಬಾಯಿ

ಬನದ ಹುಣ್ಣಿಮೆಗೆ ಸೋಮಲಾಪುರದಲ್ಲಿ ಅಂಬಾದೇವಿ ಜಾತ್ರೆ. ಚಿದಾನಂದ ಅವಧೂತರು ತಪಸ್ಸಿಗೆ ಕೂತ ಸಿದ್ಧಪರ್ವತ ಇದೇ ಎಂದು ಸಿಂಧನೂರು ಸೀಮೆ ನಂಬಿ ನಡೆದುಕೊಂಡು ಬಂದಿದೆ. ಟ್ರ್ಯಾಕ್ಟರು, ಟಂಟಂ, ಬೈಕು, ಸಿಕ್ಕಿದ್ದನ್ನು ಹಿಡಿದು ಬಂದ ಮಂದಿಯಿಂದ ಗುಡ್ಡದ ಬುಡವೆಲ್ಲ ಕೆಂಪು ಧೂಳು. ತುರ್ವಿಹಾಳದಿಂದ ನಾವೂ ಬಂದಿದ್ದೆವು. ನಾನು, ನನ್ನ ಕಾಕಾ, ಕಾಕಾನ ಆರು ವರ್ಷದ ಮೊಮ್ಮಗಳು. ದರ್ಶನ ಮುಗಿಸಿ, ಕಾಯಿ ಒಡೆಸಿ, ಬೆಂಡು ಬತ್ತಾಸು ಕಟ್ಟಿಸಿಕೊಂಡು ಹೊರಡುವ ಹೊತ್ತಿಗೆ ಮಗುವಿನ ಕಣ್ಣು ಕೊಳಲು ಮಾರುವವನ ಮೇಲೆ ಬಿತ್ತು.

ಜಾತ್ರೆ ಜಾತ್ರೆಗಳಲ್ಲಿ ನಾವೆಲ್ಲ ನೋಡಿದ ಚಿತ್ರವೇ. ಹೆಗಲಿಗೆ ಆನಿಸಿದ ಉದ್ದನೆಯ ಗಳ, ಗಳದ ತುದಿಗೆ ಬಿಗಿದು ಕಟ್ಟಿದ ಹುಲ್ಲಿನ ದಿಂಡು, ದಿಂಡಿನ ಮೈತುಂಬ ಚುಚ್ಚಿದ ಕೊಳಲುಗಳು. ಹುಡುಗ ಉತ್ತರಪ್ರದೇಶದ ಕಡೆಯವನು. ಆ ರಾಜ್ಯದ ಪೀಲಿಭೀತ್ ಕೊಳಲಿನ ಊರು. ಅಸ್ಸಾಮಿನಿಂದ ಬಿದಿರು ತರಿಸಿ ಅಲ್ಲಿ ಓಣಿ ಓಣಿಗಳಲ್ಲಿ ಕೊಳಲು ಕೊರೆಯುತ್ತಾರೆ. ಗೋಡೆ ತೆಳ್ಳಗೆ, ಗಿಣ್ಣಿನಿಂದ ಗಿಣ್ಣಿಗೆ ಹೆಚ್ಚು ಅಂತರ ಇರುವ ಆ ಬಿದಿರು ನಮ್ಮ ಕಡೆ ಬೆಳೆಯುವುದಿಲ್ಲ. ಬ್ರಹ್ಮಪುತ್ರೆಯ ನಾಡಿನ ಬಿದಿರು ಹಿಮಾಲಯದ ಬುಡದಲ್ಲಿ ತೂತು ಬಿದ್ದು, ತುಂಗಭದ್ರೆಯ ಎಡದಂಡೆ ಕಾಲುವೆಯ ಸೀಮೆಗೆ ಹೆಗಲ ಮೇಲೆ ಬಂದಿತ್ತು. ಹುಡುಗ ಒಂದು ಸಿನಿಮಾ ಹಾಡು ಊದುತ್ತಿದ್ದ. ಸೊಗಸಾಗಿಯೇ ಊದುತ್ತಿದ್ದ. ಸುತ್ತ ನಿಂತ ಮಕ್ಕಳೆಲ್ಲ ಅವನ ಕೈಯಲ್ಲಿದ್ದ ಕೊಳಲೇ ಬೇಕೆಂದು ಹಟ ಹಿಡಿದಿದ್ದವು.

"ಅಂವ ಊದಿದ್ದು ಕೇಳಿ ತಗೊಬ್ಯಾಡ. ಅಂವ ಎಂಥಾ ಕೊಳಲಿನಾಗೂ ಹಾಡು ತಗೀತಾನ" ಅಂದ ಕಾಕಾ, ದಿಂಡಿನ ಸುತ್ತ ನಿಧಾನಕ್ಕೆ ಒಂದು ಸುತ್ತು ಬಂದ.

ಕಾಕಾ ಎಪ್ಪತ್ತು ದಾಟಿದ ರೈತ. ಎರಡು ಎಕರೆ ಭತ್ತದ ಗದ್ದೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಬಂದಿದ್ದ ಅಂಧ ಗವಾಯಿಯೊಬ್ಬರ ಕೈಹಿಡಿದು ಊರೂರು ತಿರುಗಿ, ಅವರಿಂದ ನಾಲ್ಕು ರಾಗ ಕಲಿತವನು. ಭಜನೆಗೆ, ಡೊಳ್ಳಿನ ಮೇಳಕ್ಕೆ ಐವತ್ತು ವರ್ಷದಿಂದ ಕೊಳಲು ಊದಿದ್ದಾನೆ. ಅವನು ಕೊಳಲು ಆರಿಸುವುದನ್ನು ನೋಡುವುದೇ ನನಗೆ ಜಾತ್ರೆ.

ಮೊದಲು ಬಾಯಿಗೆ ಹಚ್ಚುವುದಿಲ್ಲ. ಒಂದೊಂದನ್ನೇ ಕಿತ್ತು ಅಂಗೈ ಮೇಲೆ ತೂಗುತ್ತಾನೆ. ಒಳಗೆ ಹಸಿ ಇದ್ದರೆ ಭಾರ ಹೇಳುತ್ತದೆ. ಆಮೇಲೆ ತೆರೆದ ತುದಿಯನ್ನು ಕಣ್ಣಿಗಿಟ್ಟು ಸೂರ್ಯನ ಕಡೆ ಹಿಡಿದು ಒಳಮೈ ನೋಡುತ್ತಾನೆ. ಸೀಳು ಇದ್ದರೆ ಬೆಳಕಿನ ಗೆರೆ ಕಾಣುತ್ತದೆ, ತೂತು ಸುಡುವಾಗ ಎದ್ದ ನಾರು ಒಳಗೆ ಉಳಿದಿದ್ದರೆ ನೆರಳು ಕಾಣುತ್ತದೆ. ಬಿದಿರು ತುಸು ಸೊಟ್ಟ ಇದ್ದರೂ ಅವನಿಗೆ ಚಿಂತೆಯಿಲ್ಲ. ಬೆರಳಿನ ಆರು ತೂತುಗಳ ಮೇಲೆ ಕಣ್ಣು ಹಾಯಿಸುವುದು ಬರೀ ನೆಪಕ್ಕೆ. ಅವನ ಹೊತ್ತೆಲ್ಲ ಹೋಗುವುದು ಊದುವ ತೂತಿನ ಹತ್ತಿರ. ಹೆಬ್ಬೆರಳಿನ ಉಗುರನ್ನು ಆ ತೂತಿನ ಆಚೆಯ ಅಂಚಿಗೆ, ಅಂದರೆ ತುಟಿಗೆ ಎದುರಾಗಿ ಇರುವ ಅಂಚಿಗೆ, ಇಟ್ಟು ಮೆಲ್ಲಗೆ ಎಳೆಯುತ್ತಾನೆ. ಉಗುರು ಎಲ್ಲಾದರೂ ತಡೆದರೆ ಆ ಕೊಳಲು ವಾಪಸು ದಿಂಡಿಗೆ.

ಅವತ್ತು ಮೂವತ್ತರ ಮೇಲೆ ಕೊಳಲುಗಳನ್ನು ಹಾಗೆ ವಾಪಸು ಚುಚ್ಚಿದ. ಕೊನೆಗೆ ಉಳಿದವು ಮೂರು. ಅವನ್ನಷ್ಟೇ ತುಟಿಗೆ ಹಚ್ಚಿದ. ಹಾಡಲಿಲ್ಲ. ಆರೂ ತೂತು ಮುಚ್ಚಿ, ಮಲಗಿದ ಮಗುವಿನ ಮುಖಕ್ಕೆ ಗಾಳಿ ಹಾಕುವಷ್ಟು ಮೆತ್ತಗೆ ಊದಿದ. ಎರಡು ಕೊಳಲು ಬರೀ ಗಾಳಿ ಬಿಟ್ಟವು. ಮೂರನೆಯದು ಜೇನಿನ ಹಾಗೆ ಗುಂಯ್ ಅಂತು.

"ಇದರ ಬಾಯಿ ಚಲೋ ಐತಿ ನೋಡು. ಮೈ ಏನು, ಹೆಂಗಾರ ಇರಲಿ. ಕೊಳಲಿಗೆ ಬಾಯಿ ಮುಖ್ಯ."

ಮಾರುವ ಹುಡುಗ ಕಣ್ಣರಳಿಸಿ ನಗುತ್ತಾ ಹೇಳಿದ ಬೆಲೆಯಲ್ಲಿ ಹತ್ತು ರೂಪಾಯಿ ತಾನೇ ಇಳಿಸಿದ. ಕಾಕಾ ಪೂರ್ತಿ ಕೊಟ್ಟ.

ಸಂಜೆ ತುರ್ವಿಹಾಳಕ್ಕೆ ಮರಳಿದಾಗ ಬೆಳಕು ಇನ್ನೂ ಇತ್ತು. ನಮ್ಮೂರಿನ ಜನವರಿಯ ಸಂಜೆಗೆ ಒಂದು ಬಣ್ಣವಿದೆ. ಕೊಯ್ಲಾದ ಗದ್ದೆಯ ಕೂಳೆ ಒಣಗಿ ಹೊಂಬಣ್ಣ, ಎರಡನೆಯ ಬೆಳೆಗೆ ನೀರು ನಿಲ್ಲಿಸಿದ ಮಡಿಗಳಲ್ಲಿ ಆಕಾಶದ ನೀಲಿ, ನಡುವೆ ಸಸಿಮಡಿಗಳ ಎಳೆ ಹಸಿರಿನ ಚೌಕಗಳು. ಭತ್ತದ ಹೊಟ್ಟಿನ ವಾಸನೆ. ಕೆರೆ ಕಡೆಯಿಂದ ಬೆಳ್ಳಕ್ಕಿಗಳ ಸಾಲು. ಬೇವಿನ ಮರದ ಕಟ್ಟೆಯ ಮೇಲೆ ನನ್ನ ಅಣ್ಣನ ಮಗ ಕೂತಿದ್ದ. ಸೈನ್ಯದ ಬ್ಯಾಂಡಿನಲ್ಲಿದ್ದಾನೆ. ಊರ ಹೈಸ್ಕೂಲಿನಲ್ಲಿ ಆಗಸ್ಟ್ 15ರ ಮೆರವಣಿಗೆಗೆ ಸೈಡ್ ಫ್ಲೂಟ್ ಊದುತ್ತಿದ್ದವನು, ಅದೇ ದಾರಿಯಲ್ಲಿ ನಡೆದು ಅಲ್ಲಿಗೆ ಹೋದ. ರಜೆಗೆ ಬಂದವನ ತೊಡೆಯ ಮೇಲೆ ಜಾಮಿಟ್ರಿ ಬಾಕ್ಸಿಗಿಂತ ತುಸು ದೊಡ್ಡ ಕಪ್ಪು ಪೆಟ್ಟಿಗೆ.

"ತಾತಾ, ಇದನ್ನೊಂದು ನೋಡ್ರಿ. ಸ್ವಂತಕ್ಕಂತ ಒಂದು ತಗೊಂಡೀನಿ. ಈಗ ತಲಿ ಆರಿಸಬೇಕು."

ಪೆಟ್ಟಿಗೆಯ ಒಳಗೆ ನೀಲಿ ಮಖಮಲ್ಲಿನ ಮೇಲೆ ಪಿಕೊಲೊ ಮಲಗಿತ್ತು. ಕಾಕಾ ಅದನ್ನು ಎತ್ತಿ ಅಳೆದ. ಒಂದೂವರೆ ಗೇಣು. ಸ್ಕೇಲು ಇಟ್ಟು ಅಳೆದರೆ ಸುಮಾರು 32 ಸೆಂಟಿಮೀಟರ್. ಸುಮಾರು 67 ಸೆಂಟಿಮೀಟರಿನ ದೊಡ್ಡ ಫ್ಲೂಟಿನ ಅರ್ಧಕ್ಕಿಂತ ಕಡಿಮೆ. ಅದಕ್ಕೇ ಬರೆದ ಸ್ವರಕ್ಕಿಂತ ಒಂದು ಸಪ್ತಕ ಮೇಲೆ ನುಡಿಯುತ್ತದೆ. ಬ್ಯಾಂಡಿನಲ್ಲಿ ಐವತ್ತು ಜನ ಹಿತ್ತಾಳೆಯ ವಾದ್ಯ ಊದುತ್ತಿದ್ದರೂ ಅವರೆಲ್ಲರ ತಲೆಯ ಮೇಲೆ ಹಾರಿ ಹೋಗುವ ಹಕ್ಕಿಯ ದನಿ ಇದರದು. ಜನವರಿ 29ರ ಬೀಟಿಂಗ್ ರಿಟ್ರೀಟ್ ನೋಡಿದವರು, ದಸರೆಯಲ್ಲಿ ಮೈಸೂರಿನ ಪೊಲೀಸ್ ಬ್ಯಾಂಡು ಕೇಳಿದವರು ಬ್ಯಾಂಡಿನ ಮೇಲುದನಿಯನ್ನು ಬಲ್ಲರು. ಅಮೆರಿಕದ ಜಾನ್ ಫಿಲಿಪ್ ಸೂಸಾ 1896ರಲ್ಲಿ ಕಟ್ಟಿದ ಒಂದು ಮಾರ್ಚಿನಲ್ಲಿ ಪಿಕೊಲೊಗೆಂದೇ ಒಂದು ಓಟವಿದೆ; ಲೋಕದ ಬ್ಯಾಂಡಿನವರೆಲ್ಲ ಅದನ್ನು ನುಡಿಸಿಯೇ ಕೈ ತೋರಿಸಬೇಕು.

ಇಟಲಿಯವರ ಮಾತಿನಲ್ಲಿ ಪಿಕೊಲೊ ಎಂದರೆ ಚಿಕ್ಕದು, ಅಷ್ಟೇ. ನಮ್ಮಲ್ಲಿ ಇದಕ್ಕೆ ಎಷ್ಟು ಚೆಂದದ ಮಾತಿದೆ! ಪಿಳ್ಳಂಗೋವಿ. ಕೋವಿ ಎಂದರೆ ಬಂದೂಕು ಬರುವ ಮೊದಲು ಕೊಳವೆ ಎಂದೇ ಅರ್ಥ. ಪಿಳ್ಳೆ ಕೊಳವೆ, ಪಿಳ್ಳಂಗೋವಿ. ದಾಸರ ಪದಗಳಲ್ಲಿ ಕೃಷ್ಣನ ಕೈಗೆ ಕೊಟ್ಟಿರುವುದು ಇದನ್ನೇ. ಈ ಮಾತು ಭಜನೆಯಲ್ಲಿ ಉಳಿದು, ಬಳಕೆಯಲ್ಲಿ ಹೋಗಿಬಿಟ್ಟದ್ದಕ್ಕೆ ನನಗೆ ನಿಜವಾಗಿ ಸಂಕಟವಿದೆ. ಕಾಕಾ ಮಾತ್ರ ಆ ಕಪ್ಪು ವಾದ್ಯವನ್ನು ನೋಡಿದ ಕೂಡಲೇ ಅಂದ, "ಪಿಳ್ಳಂಗೋವಿ ಅಲ್ಲೇನಪಾ ಇದು?"

ಮರ ಆಫ್ರಿಕದ್ದು. ನಮ್ಮ ಬೀಟೆಯ ಕುಲವೇ, ಆದರೆ ನೀರಿಗೆ ಹಾಕಿದರೆ ಮುಳುಗುವಷ್ಟು ಗಟ್ಟಿ. ಒಡಲ ಮೇಲೆ ಬೆಳ್ಳಿಯ ಕೀಲಿಗಳು. ಆ ಕೀಲಿಗಳ ಏರ್ಪಾಡು ಮ್ಯೂನಿಕ್ಕಿನ ಥಿಯೊಬಾಲ್ಡ್ ಬೋಮ್ ಎಂಬ ಕೊಳಲುಗಾರನ ಬುದ್ಧಿಯಿಂದ ಬಂದದ್ದು. 1847ರಲ್ಲಿ ಅವನು ದೊಡ್ಡ ಫ್ಲೂಟಿನ ಒಡಲನ್ನು ನೆಟ್ಟಗಿನ ಕೊಳವೆ ಮಾಡಿದ. ಪಿಕೊಲೊ ಮಾತ್ರ ಹಳೆಯ ಚಾಳಿ ಬಿಡಲಿಲ್ಲ. ಅದರ ತಲೆ ಸಮಗೊಳವೆ, ಒಡಲು ಕೆಳಗೆ ಹೋಗುತ್ತಾ ಕಿರಿದಾಗುವ ಕೊಳವೆ. ತಲೆ ಬೇರೆ, ಒಡಲು ಬೇರೆ. ಕೂರು ಕೂಡಿಸಿ ಸೇರಿಸಬೇಕು. ತಲೆಯಲ್ಲಿ ಇರುವುದು ಎರಡೇ, ಊದುವ ಬಾಯಿ ಮತ್ತು ಮೇಲಿನ ತುದಿಯನ್ನು ಒಳಗಿನಿಂದ ಮುಚ್ಚಿದ ಬಿರಡೆ. ಬೆರಳಿನ ಕೆಲಸವೆಲ್ಲ ಒಡಲಿನಲ್ಲಿ. ಆದರೆ ದನಿ ಹುಟ್ಟುವುದು ತಲೆಯಲ್ಲಿ.

ಹುಡುಗನ ಬಳಿ ಮೂರು ತಲೆಗಳಿದ್ದವು. ಒಂದು ಬೆಳ್ಳಿ ಮುಲಾಮಿನ ಲೋಹದ್ದು, ತುಟಿ ಆನಿಸಲು ತಟ್ಟೆಯಿದ್ದದ್ದು. ದೊಡ್ಡ ಫ್ಲೂಟಿನಿಂದ ಬಂದವರ ತುಟಿಗೆ ಇದು ಪರಿಚಿತ. ಉಳಿದೆರಡು ಕರಿಮರದವು, ಪರೀಕ್ಷೆಗೆಂದು ಹಿರಿಯ ವಾದ್ಯಗಾರರಿಂದ ಎರವಲು ತಂದದ್ದು. ಆ ಎರಡನ್ನೂ ಅಕ್ಕಪಕ್ಕ ಇಟ್ಟರೆ ಯಾವುದು ಯಾವುದೆಂದು ನನಗೆ ತಿಳಿಯಲಿಲ್ಲ. ಒಂದರ ಬೆಲೆ ಇನ್ನೊಂದರ ಮೂರು ಪಟ್ಟು ಎಂದ. ಒಳ್ಳೆಯ ಕರಿಮರದ ಪಿಕೊಲೊ ಇಡಿಯಾಗಿ ಕೊಂಡರೆ ಲಕ್ಷಗಟ್ಟಲೆ. ಒಂದು ಜೋಡಿ ಎತ್ತಿನ ಹಣ ಒಂದೂವರೆ ಗೇಣಿನ ಕಟ್ಟಿಗೆಗೆ. ಕಾಕಾ ಆ ಲೆಕ್ಕಕ್ಕೆ ಬೆರಗಾಗಲಿಲ್ಲ. ಹೆಬ್ಬೆರಳಿನ ಉಗುರನ್ನು ಮುಂದೆ ಮಾಡಿದ.

ಊದುವ ಬಾಯಿಯಲ್ಲಿ ಆಗುವುದು ಇಷ್ಟು. ತುಟಿಗಳ ನಡುವಿನಿಂದ ಗಾಳಿ ಒಂದು ತೆಳುವಾದ ಹಾಳೆಯ ಹಾಗೆ ಹೊರಬಂದು ತೂತನ್ನು ದಾಟಿ ಎದುರಿನ ಅಂಚಿಗೆ ಬಡಿಯುತ್ತದೆ. ಅಂಚು ಅದನ್ನು ಸೀಳುತ್ತದೆ. ಹಾಳೆ ಒಮ್ಮೆ ಒಳಗೆ ಬಾಗುತ್ತದೆ, ಒಮ್ಮೆ ಹೊರಗೆ. ಆ ತೂಗಾಟ ಕೊಳವೆಯ ಒಳಗಿನ ಗಾಳಿಯನ್ನು ಅಲುಗಿಸುತ್ತದೆ, ಅಲುಗಿದ ಗಾಳಿ ಮತ್ತೆ ಹಾಳೆಯನ್ನು ತಾಳಕ್ಕೆ ತರುತ್ತದೆ. ಪಿಕೊಲೊದ ಮೇಲಿನ ಸ್ವರಗಳಲ್ಲಿ ಇದು ಸೆಕೆಂಡಿಗೆ ಸಾವಿರಾರು ಸಲ. ಅಂಚು ತುಸು ಮೊಂಡಾದರೆ ದನಿ ಮಂಕು, ಗಾಳಿಯ ಸುಯ್ಯೆಂಬ ಸದ್ದು ಜಾಸ್ತಿ. ಅತಿ ಚೂಪಾದರೆ ಮಾತು ಬೇಗ ಹೊರಡುತ್ತದೆ, ಆದರೆ ಕಿವಿಗೆ ಚುಚ್ಚುತ್ತದೆ. ತೂತಿನ ಗೋಡೆಯ ಎತ್ತರ, ಅದರ ಇಳಿಜಾರು, ಒಳಗಿನಿಂದ ಕೊರೆದ ಹದ, ಎಲ್ಲವೂ ಕೂದಲೆಳೆಯ ಲೆಕ್ಕ. ಕೊಳಲಿನ ಕುಶಲಿಗಳು ಈ ಒಂದು ತೂತನ್ನು ಕೈಯಿಂದಲೇ ತಿದ್ದಿ ಮುಗಿಸುವುದು ಇದಕ್ಕೇ. ಮೂರು ಪಟ್ಟು ಬೆಲೆ ಇರುವುದು ಆ ಬೆರಳತುದಿಯಷ್ಟು ಜಾಗದಲ್ಲಿ.

ಇನ್ನು ಬಿರಡೆ. ಅದು ಎಲ್ಲಿ ಕೂತಿದೆ ಎಂಬುದರ ಮೇಲೆ ಮಂದ್ರ, ಮಧ್ಯ, ತಾರ ಮೂರೂ ಒಂದಕ್ಕೊಂದು ಹೊಂದುತ್ತವೆ. ದೊಡ್ಡ ಫ್ಲೂಟಿನಲ್ಲಿ ಬಾಯಿಯ ನಡುವಿನಿಂದ ಬಿರಡೆಗೆ 17 ಮಿಲಿಮೀಟರ್. ಪಿಕೊಲೊದಲ್ಲಿ ಸುಮಾರು ಅದರ ಅರ್ಧ. ಒರೆಸುವ ಕಡ್ಡಿಯ ತುದಿಯಲ್ಲಿ ಗೆರೆ ಕೊರೆದಿರುತ್ತಾರೆ, ಕಡ್ಡಿಯನ್ನು ಒಳಗೆ ಬಿಟ್ಟಾಗ ಗೆರೆ ಬಾಯಿಯ ನಟ್ಟನಡುವೆ ಕಾಣಬೇಕು. ಹುಡುಗ ತೋರಿಸಿದ. ಒಂದು ತಲೆಯಲ್ಲಿ ಗೆರೆ ಅರ್ಧ ಅಕ್ಕಿಕಾಳಿನಷ್ಟು ಸರಿದಿತ್ತು. "ಅದಕ್ಕ ಮ್ಯಾಲಿನ ಸಾ ಏರ್ತಿರಬೇಕು" ಅಂದ ಕಾಕಾ. ಊದಿ ನೋಡಿದರೆ ಹಾಗೇ ಇತ್ತು. ಹುಡುಗ ಬಿರಡೆಯನ್ನು ಮೆಲ್ಲಗೆ ನೂಕಿ ಸರಿಮಾಡಿದ. ಇದನ್ನು ಮಾಡದೆ ತಲೆಗಳನ್ನು ಹೋಲಿಸಿದ್ದರೆ ತಪ್ಪು ತಲೆಯದೆಂದು ಒಳ್ಳೆಯದನ್ನೇ ತೆಗೆದುಹಾಕಿಬಿಡುತ್ತಿದ್ದೆವು.

ಆಮೇಲೆ ಕಾಕಾ ಮಾಡಿದ್ದು ನನ್ನ ಮನಸ್ಸಿನಲ್ಲಿ ಅಚ್ಚೊತ್ತಿದೆ.

"ಇಲ್ಲಿ ಬ್ಯಾಡ. ಕಾಲುವೆ ಸೇತುವಿ ಮ್ಯಾಲ ಹೋಗಿ ನಿಂತು ಊದು. ಯಾವುದು ಹಾಕೀದಿ ಅಂತ ನನಗ ಹೇಳಬ್ಯಾಡ."

ಕಟ್ಟೆಯಿಂದ ಆ ಕಿರುಗಾಲುವೆಯ ಸೇತುವೆ ನೂರೈವತ್ತು ಹೆಜ್ಜೆ. ಕಾಕಾ ಆ ಕಡೆಗೆ ಬೆನ್ನು ಹಾಕಿ ಕೂತ. ಮೊಮ್ಮಗಳು ಹೊಸ ಕೊಳಲು ಹಿಡಿದು ಪಕ್ಕದಲ್ಲಿ. ಮೊದಲ ಸಲ ಹುಡುಗ ಜೋರಾಗಿ ಊದಿದ. ನನಗೆ ಮೂರೂ ಹೆಚ್ಚುಕಡಿಮೆ ಒಂದೇ. ಒಂದರ ದನಿ ಮಾತ್ರ ಬಹಳ ಹೊಳೆಯಿತು. ಅದೇ ಒಳ್ಳೆಯದೆಂದು ನಾನು ಮನಸ್ಸಿನಲ್ಲೇ ಆರಿಸಿಬಿಟ್ಟೆ. ಕಾಕಾ ತಲೆಯಾಡಿಸಿದ. "ಜೋರ ಊದಿದ್ರ ಎಲ್ಲಾ ಕೊಳಲೂ ಶಾಣ್ಯಾ ಆಗ್ತಾವ. ಸಣ್ಣಗ ಊದು ಅನ್ನು." ಫೋನ್ ಮಾಡಿ ಹೇಳಿದೆ.

ಎರಡನೆಯ ಸಲ ತಾರದ ಸ್ವರಗಳನ್ನು ಸಣ್ಣಗೆ ಊದಿದ. ಪಿಕೊಲೊ ನುಡಿಸುವವರಿಗೆ ಇದಕ್ಕಿಂತ ಕಷ್ಟದ ಕೆಲಸವಿಲ್ಲ. ಮೇಲೆ ಹೋದಂತೆ ಗಾಳಿಯ ವೇಗ ಹೆಚ್ಚಬೇಕು, ಸದ್ದು ಮಾತ್ರ ಹೆಚ್ಚಬಾರದು. ಕೆಟ್ಟ ತಲೆಯಲ್ಲಿ ಸ್ವರ ಒಡೆದು ಕೆಳಗೆ ಬೀಳುತ್ತದೆ. ಮೊದಲನೆಯದು ಹಾಗೆ ಎರಡು ಸಲ ಬಿತ್ತು. ಎರಡನೆಯದು, ನಾನು ಆರಿಸಿದ್ದು, ಬೀಳಲಿಲ್ಲ, ಆದರೆ ಸೂಜಿಯಂತೆ ಬಂದು ಕಿವಿಯಲ್ಲಿ ನಿಂತಿತು. ಮೂರನೆಯದು ಬಂದಾಗ ಕಾಲುವೆಯ ಆಚೆ ಯಾರೋ ಪಂಪ್‌ಸೆಟ್ಟು ಹಚ್ಚಿದ್ದರು. ಪಂಪಿನ ಡುಗುಡುಗು ಸದ್ದಿನ ಒಳಗಿನಿಂದ ಆ ದನಿ ಒಂದು ನೂಲೆಳೆಯ ಹಾಗೆ, ಕಡಿಯದೆ, ಬಿಗಿಯದೆ, ಕಟ್ಟೆಯ ತನಕ ಬಂತು. ಬೇವಿನ ಎಲೆ ಅಲುಗುವುದೂ ಕೇಳುತ್ತಿತ್ತು, ಅದೂ ಕೇಳುತ್ತಿತ್ತು.

ಕಾಕಾ ಬೆನ್ನು ತಿರುಗಿಸಲಿಲ್ಲ. "ಕೆಳಗಿಂದು ಊದು ಅನ್ನು" ಎಂದಷ್ಟೇ ಅಂದ. ಪಿಕೊಲೊದ ಕೆಳಗಿನ ಸ್ವರಗಳು ಹುಟ್ಟಾ ಬಡಕಲು. ಹೆಚ್ಚಿನವರು ಅವನ್ನು ಪರೀಕ್ಷಿಸುವುದೇ ಇಲ್ಲ, ಈ ವಾದ್ಯದ ಕೆಲಸ ಮೇಲೆಯೇ ಎಂದುಕೊಂಡು. ಆದರೆ ಕೆಳಗೆ ಮೈದುಂಬಿ ನುಡಿಯುವ ತಲೆ ಮೇಲೆ ಹೋದಾಗ ಕಿರಿಚುವುದಿಲ್ಲ ಎಂದು ಕಾಕಾನ ಅನುಭವ. ಬಿದಿರಿನಿಂದ ಬಂದ ಅನುಭವ ಕರಿಮರಕ್ಕೂ ಸಂದಿತು. ಮೂರನೆಯ ತಲೆಯ ಮಂದ್ರದಲ್ಲಿ, ಜಾತ್ರೆಯ ಕೊಳಲಿನಲ್ಲಿ ಕೇಳಿದ್ದ ಅದೇ ಜೇನಿನ ಗುಂಯ್ ಇತ್ತು.

ಹುಡುಗ ನಡೆದು ಬಂದ. "ಯಾವುದು ತಾತಾ?"

"ಮೂರನೇದು."

ಆಶ್ಚರ್ಯವೆಂದರೆ ಅದು ಬೆಲೆ ಹೆಚ್ಚಿನದಲ್ಲ. ಎರಡು ಕರಿಮರದ ತಲೆಗಳಲ್ಲಿ ಕಡಿಮೆ ಬೆಲೆಯದು. ಒಡೆದು ಬಿದ್ದದ್ದು ದುಬಾರಿಯದು. ಸೂಜಿಯಂತೆ ಚುಚ್ಚಿದ್ದು ಲೋಹದ್ದು. ದುಬಾರಿಯ ತಲೆ ಕೆಟ್ಟದ್ದೆಂದು ಇದರ ಅರ್ಥವಲ್ಲ. ಅದರ ಒಡೆಯನ ತುಟಿಗೆ, ಅವನ ಪಿಕೊಲೊದ ಒಡಲಿಗೆ ಅದು ಬಂಗಾರವೇ ಇದ್ದೀತು. ನಮ್ಮ ಹುಡುಗನ ಮೇಲ್ದುಟಿಯ ನಡುವೆ ಸಣ್ಣದೊಂದು ಹನಿಯಂತೆ ಇಳಿದ ಭಾಗವಿದೆ, ನಮ್ಮ ಮನೆತನದ್ದೇ ಅದು, ಕಾಕಾಗೂ ಇದೆ. ಅಂಥ ತುಟಿಯಿಂದ ಗಾಳಿ ತುಸು ಓರೆಗೆ ಹೊರಡುತ್ತದೆ. ಆ ಓರೆಗೆ ಹೊಂದಿದ್ದು ಮೂರನೆಯ ತಲೆಯ ಬಾಯಿ. ಇದಕ್ಕೇ ಯಾರೋ ಹೊಗಳಿದರೆಂದು, ಹೆಸರು ದೊಡ್ಡದೆಂದು ತಲೆ ಕೊಳ್ಳಬಾರದು. ತನ್ನ ಒಡಲು ತೆಗೆದುಕೊಂಡು ಹೋಗಿ, ತನ್ನ ತುಟಿಯಿಂದಲೇ ಊದಿ, ಬೇರೆಯವರ ಕಿವಿಯನ್ನು ದೂರ ನಿಲ್ಲಿಸಿ ಕೇಳಿಸಬೇಕು. ಊದುವವನಿಗೆ ಕೇಳುವುದು ತನ್ನ ಹಲ್ಲು, ದವಡೆಗಳ ಮೂಲಕವೂ ಬರುವ ದನಿ. ಕೂಡಿ ಕೇಳುವ ಸಾವಿರ ಮಂದಿಗೆ ಅದು ಕೇಳುವುದಿಲ್ಲ.

ಕೂರು ಕೂಡುವ ಜಾಗವನ್ನೂ ಕಾಕಾ ನೋಡಿದ. ತಿರುಗಿಸಿದರೆ ಬೆಣ್ಣೆಯಲ್ಲಿ ತಿರುಗಿದಂತಿರಬೇಕು, ಬಿಟ್ಟರೆ ತಾನಾಗಿ ಜಾರಬಾರದು. ತುಸು ಬಿಗಿಯೆನಿಸಿತು. ಹುಡುಗ ಕೂರಿನ ಬೆಂಡಿಗೆ ಗ್ರೀಸು ಸವರಿದ.

ಮಾತು ಬಿಸಿಲಿನ ಕಡೆ ಹೊರಳಿತು. ನಮ್ಮ ಸೀಮೆಯಲ್ಲಿ ಕೊಳಲು ಆರಿಸುವುದು ಅರ್ಧ ಕೆಲಸ, ಉಳಿಸಿಕೊಳ್ಳುವುದು ಇನ್ನರ್ಧ. ರಾಯಚೂರು ಜಿಲ್ಲೆಯ ಏಪ್ರಿಲ್, ಮೇ ಎಂದರೆ 40 ಡಿಗ್ರಿ ದಾಟಿದ ಒಣ ಬಿಸಿಲು. ಆ ಹೊತ್ತಿಗೆ ಕಾಲುವೆಯಲ್ಲಿ ನೀರೂ ಇರುವುದಿಲ್ಲ. ಪ್ರಾಯದಲ್ಲಿ ನಾನು ಪಟ್ಟಣದ ಅಂಗಡಿಯೊಂದರಲ್ಲಿ ಕೆಂಪು ರೇಷ್ಮೆ ದಾರ ಸುತ್ತಿದ ಚೆಂದದ ಕೊಳಲು ಕೊಂಡು ತಂದಿದ್ದೆ. ದಾರ ನೋಡಿ ಕೊಂಡೆ, ಬಾಯಿ ನೋಡಲಿಲ್ಲ. ತಂದು ಕಬ್ಬಿಣದ ಕಪಾಟಿನಲ್ಲಿಟ್ಟೆ. ಯುಗಾದಿ ಕಳೆದು ಹದಿನೈದು ದಿನಕ್ಕೆ ಬಾಯಿಯಿಂದ ಮೂರನೆಯ ತೂತಿನವರೆಗೆ ಸೀಳಿತ್ತು. ಅವತ್ತು ನಾನು ಅತ್ತಿದ್ದು ಕಾಕಾಗೆ ಈಗಲೂ ನೆನಪಿದೆ. ಅವನ ಕೊಳಲುಗಳು ಬೇಸಿಗೆಯಲ್ಲಿ ಇರುವುದು ಅಡುಗೆಮನೆಯ ನೀರಿನ ಹರವಿಯ ಮೇಲಿನ ಗೂಡಿನಲ್ಲಿ, ಹಳೆಯ ಧೋತರದ ಚೀಲದೊಳಗೆ. ಹರವಿಯ ತಂಪು ಅವನ್ನು ಕಾಯುತ್ತದೆ. ತಿಂಗಳಿಗೊಮ್ಮೆ ಕುಸುಬಿ ಎಣ್ಣೆಯಲ್ಲಿ ಅದ್ದಿದ ಅರಿವೆಯನ್ನು ಕಡ್ಡಿಗೆ ಸುತ್ತಿ ಒಳಗೆ ಆಡಿಸುತ್ತಾನೆ.

ಕರಿಮರಕ್ಕೂ ಇದೇ ಭಯ. ಹೊರಗೆ ಒಣಗಾಳಿ, ಒಳಗೆ ಉಸಿರಿನ ಹಸಿ. ಒಳಮೈ ಉಬ್ಬುತ್ತದೆ, ಹೊರಮೈ ಕುಗ್ಗುತ್ತದೆ, ನಡುವೆ ಮರ ಸೀಳುತ್ತದೆ. ಅದಕ್ಕೇ ಹೊಸ ಮರದ ತಲೆಯನ್ನು ಮೊದಲ ಕೆಲವು ವಾರ ದಿನಕ್ಕೆ ಹತ್ತು ಹದಿನೈದು ನಿಮಿಷಕ್ಕಿಂತ ಹೆಚ್ಚು ಊದಬಾರದು, ಊದಿದ ಕೂಡಲೇ ಒಳಗೆ ಒರೆಸಬೇಕು, ತಣ್ಣಗಿದ್ದಾಗ ಒಮ್ಮೆಲೇ ಬಿಸಿ ಉಸಿರು ತುಂಬದೆ ಅಂಗೈಯಲ್ಲಿ ಹಿಡಿದು ಕಾಯಿಸಬೇಕು. ಹುಡುಗ ಇದನ್ನೆಲ್ಲ ಬ್ಯಾಂಡಿನಲ್ಲಿ ಕಲಿತಿದ್ದ. ಹೇಳುತ್ತಾ ಹೋದಂತೆ ಕಾಕಾ ಪ್ರತಿಯೊಂದಕ್ಕೂ "ಹೂಂ" ಅನ್ನುತ್ತಾ, ತನ್ನ ಬಿದಿರಿನ ಮಾತನ್ನೇ ಯಾರೋ ಬೇರೆ ಊರಿನಿಂದ ತಂದು ಒಪ್ಪಿಸುತ್ತಿದ್ದಾರೆ ಎಂಬಂತೆ ಕೇಳಿದ. ಬಿಸಿಲಿನ ಬಯಲಿನಲ್ಲಿ ಪರೇಡಿಗೆ ನಿಲ್ಲುವ ದಿನಗಳಿಗೆ ಲೋಹದ ತಲೆಯನ್ನೂ ಇಟ್ಟುಕೊಳ್ಳುವುದೆಂದು ಇಬ್ಬರೂ ಸೇರಿ ತೀರ್ಮಾನಿಸಿದರು. ಅದಕ್ಕೆ ಸೀಳುವ ಭಯವಿಲ್ಲ. ಬಯಲಿನಲ್ಲಿ ಆ ಸೂಜಿಯ ಮೊನೆಯೂ ಅಷ್ಟು ಚುಚ್ಚುವುದಿಲ್ಲ.

ಕತ್ತಲಾಗುತ್ತಾ ಬಂತು. ಗದ್ದೆಯ ಮೇಲೆ ಮಂಜಿನ ತೆಳು ಪರದೆ. ಹುಡುಗ ವಾದ್ಯ ಒರೆಸಿ ಪೆಟ್ಟಿಗೆಗೆ ಇಡುವಾಗ ಕಾಕಾ ಆ ಲೋಹದ ತಲೆಯೊಂದನ್ನೇ ಕೈಗೆ ತೆಗೆದುಕೊಂಡ. ಒಡಲಿಲ್ಲ, ಕೀಲಿಯಿಲ್ಲ, ಬೆರಳಿಡುವ ತೂತಿಲ್ಲ. ತುಟಿಗೆ ಹಚ್ಚಿ ಊದಿದ. ಒಂದು ಚೂಪು ಸ್ವರ. ತೆರೆದ ತುದಿಯನ್ನು ಅಂಗೈಯಿಂದ ಮುಚ್ಚಿ ಊದಿದ. ಸ್ವರ ಸುಮಾರು ಒಂದು ಸಪ್ತಕ ಕೆಳಗಿಳಿಯಿತು. ಮುಚ್ಚಿ, ತೆರೆದು, ಮತ್ತೆ ಮುಚ್ಚಿ. ಮೊಮ್ಮಗಳು ಎದ್ದು ಹತ್ತಿರ ಬಂದಳು.

"ತಾತಾ, ನಾ ಮುಚ್ಚತೀನಿ."

ಕೊಳವೆಯ ಒಳಗಲ ಸುಮಾರು 11 ಮಿಲಿಮೀಟರ್. ಕಾಕಾನ ನೇಗಿಲು ಹಿಡಿದ ಬೆರಳು ಅದರಲ್ಲಿ ಹೋಗುವ ಮಾತೇ ಇಲ್ಲ. ಮಗುವಿನ ಕಿರುಬೆರಳು ಸಲೀಸಾಗಿ ಹೋಯಿತು. ಕಾಕಾ ಊದುತ್ತಿದ್ದಂತೆ ಅವಳು ಬೆರಳನ್ನು ಒಳಗೆ ಸರಿಸಿದಳು. ಸ್ವರ ಏರಿತು. ಹಿಂದೆ ಎಳೆದಳು. ಇಳಿಯಿತು. ಅವಳಿಗೆ ಗುಟ್ಟು ಸಿಕ್ಕಿಬಿಟ್ಟಿತು. ಕಾಕಾನ ಮುಖವನ್ನೇ ನೋಡುತ್ತಾ, ಅವನ ಹುಬ್ಬು ಏರಿದಾಗ ಏರಿಸಿ, ಇಳಿದಾಗ ಇಳಿಸಿ, ಭಜನೆಯಲ್ಲಿ ಕೇಳಿದ್ದ ಒಂದು ಪದದ ಮೊದಲ ಸಾಲಿನ ಧಾಟಿಯನ್ನು ಹುಡುಕತೊಡಗಿದಳು. ಉಸಿರು ಅವನದು, ಬೆರಳು ಇವಳದು. ಮೂರು ಸಲ ತಪ್ಪಿತು. ನಾಲ್ಕನೆಯ ಸಲ ಪದ ಗುರುತು ಸಿಕ್ಕಿ ಹುಡುಗ ಪೆಟ್ಟಿಗೆ ಮುಚ್ಚುವುದನ್ನು ಬಿಟ್ಟು ತಾಳ ಹಾಕಿದ.